ಸಿಎ ದಾರಿ ಬಿಟ್ಟು ಊರಲ್ಲೇ ಲೆಕ್ಕಪತ್ರದ ಕೆಲಸ, ಜೊತೆಗೆ ತುಡುವೆ ಜೇನು: ಎರಡರ ಕ್ಯಾಲೆಂಡರ್ ಹೊಂದಿಸೋದು ಹೇಗೆ?

ಚೇರಂಬಾಣೆ_ತೋಟ

ಎಲ್ಲರಿಗೂ ನಮಸ್ಕಾರ. ಜೇನು ಸಾಕಿ ಗೊತ್ತಿರುವವರು, ಲೆಕ್ಕಪತ್ರದ ಕೆಲಸ ಗೊತ್ತಿರುವವರು ಇಬ್ಬರೂ ಉತ್ತರಿಸಿದರೆ ಉಪಕಾರ.

ವಯಸ್ಸು 24. ಬಿ.ಕಾಂ ಆಗಿದೆ. ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆಂಟ್ ಓದಿನ ನಡುವಿನ ಹಂತದ ಪರೀಕ್ಷೆ) ಗ್ರೂಪ್ 1 ಪಾಸು, ಗ್ರೂಪ್ 2 ಬಾಕಿ. ಮೊದಲಿದ್ದ ಯೋಜನೆ ಗ್ರೂಪ್ 2 ಮುಗಿಸಿ ಬೆಂಗಳೂರಲ್ಲಿ ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗಿನ ಕಡ್ಡಾಯ ತರಬೇತಿ), ಆಮೇಲೆ ಫೈನಲ್. ಈಗ ಬೆಂಗಳೂರು ಬೇಡ ಅಂತ ತೀರ್ಮಾನ ಆಗಿದೆ, ಮನೆಯವರೂ ಒಪ್ಪಿದ್ದಾರೆ. ಕಾರಣ ಜೇನು. ಎರಡೂವರೆ ಎಕರೆ ಕಾಫಿ ತೋಟ, ನಾಲ್ಕು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಪೆಟ್ಟಿಗೆ ಇವೆ. ಅದನ್ನು ಐವತ್ತಕ್ಕೆ ಏರಿಸಿ ನಮ್ಮದೇ ಹೆಸರಿನ ಬಾಟಲಿಯಲ್ಲಿ ಜೇನುತುಪ್ಪ ಮಾರಬೇಕು ಅನ್ನೋದು ಆಸೆ. ಬರೀ ಜೇನಿನಿಂದ ಸಂಸಾರ ನಡೆಯಲ್ಲ ಅನ್ನೋದು ಗೊತ್ತು, ಅದಕ್ಕೇ ಓದಿದ ಓದಿಗೆ ತಕ್ಕ ಕೆಲಸವೂ ಬೇಕು.

ನನ್ನ ಪ್ರಶ್ನೆಗಳು:
ಗ್ರೂಪ್ 2 ಬಿಟ್ಟೇಬಿಡಲೋ, ಬರೆಯಲೋ? ಮಡಿಕೇರಿ ಸುತ್ತ ಇದ್ದುಕೊಂಡು ಯಾವ ಕೆಲಸ ಹಿಡಿದರೆ ಜೇನಿಗೆ ಸಮಯ ಸಿಗುತ್ತೆ? ಐವತ್ತು ಪೆಟ್ಟಿಗೆಗೆ ಎಷ್ಟು ವರ್ಷ, ವಾರಕ್ಕೆ ಎಷ್ಟು ಗಂಟೆ? ಮಾರ್ಚ್ ಅಂದರೆ ಲೆಕ್ಕದವರಿಗೆ ಉಸಿರಾಡಲು ಬಿಡುವಿಲ್ಲ, ಜೇನಿಗೂ ಅದೇ ಸುಗ್ಗಿ ಅಂತಾರೆ. ಹಾಗಾದರೆ ಎರಡೂ ಒಟ್ಟಿಗೆ ಸಾಧ್ಯವೇ ಇಲ್ಲವೋ?

ರೋಜುಪುಸ್ತಕ

ಲೆಕ್ಕದ ಭಾಗಕ್ಕೆ ನಾನು ಉತ್ತರ ಕೊಡ್ತೇನೆ.

ಗ್ರೂಪ್ 2 ಬರೆಯಿರಿ. ಇರೋದು ಮೂರೇ ಪೇಪರ್: ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟಿಂಗ್, ಆಡಿಟಿಂಗ್ ಅಂಡ್ ಎಥಿಕ್ಸ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಜೊತೆಗೆ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್. ಒಂದೊಂದರಲ್ಲೂ ಕನಿಷ್ಠ 40, ಗ್ರೂಪಿಗೆ ಒಟ್ಟು ಶೇ. 50. ಗ್ರೂಪ್ ಹೋದರೂ ಯಾವುದಾದರೂ ಪೇಪರಲ್ಲಿ 60 ಬಂದಿದ್ದರೆ ಮುಂದಿನ ಮೂರು ಸಲ ಅದಕ್ಕೆ ವಿನಾಯಿತಿ ಇದೆ. ಇಂಟರ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ, ಜನವರಿ, ಮೇ, ಸೆಪ್ಟೆಂಬರ್. ನಿಮಗೆ ಹೊಂದೋದು ಸೆಪ್ಟೆಂಬರ್ ಒಂದೇ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳ ಮಳೆಯಲ್ಲಿ ಚೇರಂಬಾಣೆಯಲ್ಲಿ ಯಾರಿಗೂ ತೋಟದ ಕೆಲಸ ಸಾಗಲ್ಲ, ಓದೋಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಇಂಟರ್ ಎರಡೂ ಗ್ರೂಪ್ ಆದವರು ಅಂದರೆ ನಾಳೆ ಯಾರ ಹತ್ತಿರ ಕೆಲಸ ಕೇಳಲು ಹೋದರೂ ಮಾತಿನ ತೂಕವೇ ಬೇರೆ. ಮುಂದೆ ಯಾವಾಗಲಾದರೂ ಮನಸ್ಸು ಬದಲಾದರೆ ಆರ್ಟಿಕಲ್‌ಶಿಪ್‌ನ ಬಾಗಿಲೂ ತೆರೆದಿರುತ್ತೆ, ಯಾಕಂದರೆ ಈಗಿನ ಪದ್ಧತಿಯಲ್ಲಿ ಎರಡೂ ಗ್ರೂಪ್ ಆಗದೆ ಅದು ಶುರುವಾಗಲ್ಲ.

ಈಗಲೇ ಆರ್ಟಿಕಲ್‌ಶಿಪ್ ಬೇಡ ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ. 2023ರ ಜುಲೈಯಿಂದ ಅದು ಎರಡೇ ವರ್ಷ ಆಗಿದೆ ನಿಜ, ಆದರೆ ರಜೆಯೂ ವರ್ಷಕ್ಕೆ 12 ದಿನಕ್ಕೆ ಇಳಿದಿದೆ. ಅದಕ್ಕಿಂತ ಮುಖ್ಯ, ಆ ಅವಧಿಯಲ್ಲಿ ಬೇರೆ ವ್ಯಾಪಾರವೋ ಉದ್ಯೋಗವೋ ಮಾಡಬೇಕಾದರೆ ಸಿಎ ಸಂಸ್ಥೆಯ (ಐಸಿಎಐ) ಅನುಮತಿ ಬೇಕು. ನಿಮ್ಮ ಹೆಸರಿನ ಬಾಟಲಿ ಮಾರಾಟ ಅದರೊಳಗೇ ಬರುತ್ತೆ.

ಹಾಗಾದರೆ ಏನು ಮಾಡೋದು? ಜಿಎಸ್‌ಟಿ ಪ್ರಾಕ್ಟಿಷನರ್, ಅಂದರೆ ಬೇರೆಯವರ ಜಿಎಸ್‌ಟಿ ರಿಟರ್ನ್ ತುಂಬಿಕೊಡುವ ನೋಂದಾಯಿತ ವೃತ್ತಿ. ಬಿ.ಕಾಂ ಆಗಿದ್ದರೆ ಅರ್ಹತೆ ಇದೆ. ಪೋರ್ಟಲಲ್ಲಿ ಪಿಸಿಟಿ-01 ಅರ್ಜಿ, ಪರಿಶೀಲನೆ ಆದ ಮೇಲೆ ಪಿಸಿಟಿ-02 ಪ್ರಮಾಣಪತ್ರ. ಇಷ್ಟಕ್ಕೇ ಮುಗಿಯಲ್ಲ, ನ್ಯಾಸಿನ್ (ಕೇಂದ್ರದ ಪರೋಕ್ಷ ತೆರಿಗೆ ತರಬೇತಿ ಅಕಾಡೆಮಿ) ನಡೆಸುವ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೋಂದಣಿ ಉಳಿಯಲ್ಲ. ನೀವು ಗ್ರೂಪ್ 1ರಲ್ಲಿ ಟ್ಯಾಕ್ಸೇಷನ್ ಓದಿದ್ದೀರಿ, ಅದರ ಬಿಸಿ ಆರುವ ಮುಂಚೆ ಕೂತುಬಿಡಿ.

ತಿಂಗಳ ಗಡುವುಗಳು ಹೀಗಿವೆ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಪ್ರತಿ 11ಕ್ಕೆ, 3ಬಿ (ತೆರಿಗೆ ಲೆಕ್ಕದ ಸಾರಾಂಶ) 20ಕ್ಕೆ. ಐದು ಕೋಟಿವರೆಗಿನ ವಹಿವಾಟಿನವರು ಕ್ಯೂಆರ್‌ಎಂಪಿ (ರಿಟರ್ನ್ ಮೂರು ತಿಂಗಳಿಗೊಮ್ಮೆ, ತೆರಿಗೆ ತಿಂಗಳಿಗೊಮ್ಮೆ) ಆರಿಸಿಕೊಂಡರೆ ಮೂರು ತಿಂಗಳಿಗೊಮ್ಮೆ 13ಕ್ಕೆ ಜಿಎಸ್‌ಟಿಆರ್-1, ಕರ್ನಾಟಕದವರಿಗೆ 22ಕ್ಕೆ 3ಬಿ. ನಡುವಿನ ಎರಡು ತಿಂಗಳು ತೆರಿಗೆ ಕಟ್ಟೋದು 25ಕ್ಕೆ. ಕಾಂಪೊಸಿಷನ್‌ನವರಿಗೆ (ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ಸಣ್ಣವರು) ಮೂರು ತಿಂಗಳಿಗೊಮ್ಮೆ 18ಕ್ಕೆ ಸಿಎಂಪಿ-08, ವರ್ಷದ ಜಿಎಸ್‌ಟಿಆರ್-4 ಜೂನ್ 30ಕ್ಕೆ. ಊರಿನ ಅಂಗಡಿ, ಹೋಂಸ್ಟೇ, ಹಾರ್ಡ್‌ವೇರ್‌ನವರಲ್ಲಿ ಕ್ಯೂಆರ್‌ಎಂಪಿಗೆ ಹೊಂದುವವರನ್ನೇ ಆರಿಸಿ ಹಿಡಿದರೆ ನಿಮಗೆ ಭಾರೀ ಕೆಲಸ ವರ್ಷಕ್ಕೆ ನಾಲ್ಕು ಸಲ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಎರಡು ಮತ್ತು ಮೂರನೇ ವಾರ.

ಕೆಡೋದು ಎಲ್ಲಿ ಅಂದರೆ, ಬಿಲ್ಲು 19ರ ಸಂಜೆ ಕೈಗೆ ಬರುತ್ತೆ. ಬಿಲ್ಲು ಕೊಡಲು 5ನೇ ತಾರೀಕೇ ಕೊನೆ ಅಂತ ಮೊದಲ ದಿನವೇ ಬರೆದುಕೊಡಿ, ತಡವಾದರೆ ತಡದ ಶುಲ್ಕ ಅವರದೇ. 3ಬಿ ಒಂದು ದಿನ ತಡವಾದರೆ 50 ರೂಪಾಯಿ, ನಿಲ್ ಆದರೆ 20. ಎರಡನೇದು ನಮ್ಮ ಕಡೆಗೇ ವಿಶೇಷ: 3ಬಿ ದೃಢೀಕರಣದ ಓಟಿಪಿ ಹೋಗೋದು ಮಾಲೀಕರ ಮೊಬೈಲಿಗೆ. ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋಗಿ ಟವರ್ ಸತ್ತರೆ, ನೀವು ಮಡಿಕೇರಿಯಲ್ಲಿ ಕೂತಿದ್ದರೂ ತೋಟದೊಳಗಿನ ಹೋಂಸ್ಟೇಯವರ ಫೋನಿಗೆ ಓಟಿಪಿ ಬರಲ್ಲ. ಮಳೆಗಾಲದ ಎಲ್ಲ ರಿಟರ್ನ್ ಗಡುವಿಗೆ ನಾಲ್ಕು ದಿನ ಮೊದಲೇ ಮುಗಿಸುವ ಅಭ್ಯಾಸ ಮಾಡಿ.

ಹಣದ ಅಂದಾಜಿಗೆ ಒಬ್ಬರಿಗೆ ತಿಂಗಳಿಗೆ 800 ಇಟ್ಟುಕೊಳ್ಳಿ, 25 ಜನ ಸಿಕ್ಕರೆ 20,000. ಮೊದಲ ವರ್ಷ 8–10 ಜನರಿಗಿಂತ ಹೆಚ್ಚು ಸಿಗೋದು ಕಷ್ಟ. ಅದಕ್ಕೆ ಆ ವರ್ಷ ಒಂದು ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ಅರ್ಧ ದಿನದ ಲೆಕ್ಕದ ಕೆಲಸ ಜೊತೆಗಿರಲಿ.

ಕೊಡಗಿನಲ್ಲಿ ಹೆಸರು ಮಾಡಬೇಕಾದರೆ ಕಾಫಿ ಆದಾಯದ ತೆರಿಗೆ ಚೆನ್ನಾಗಿ ಕಲಿಯಿರಿ. ಬೆಳೆಗಾರ ಚೆರಿಯನ್ನು (ಕಾಫಿ ಹಣ್ಣು) ಒಣಗಿಸಿ ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ತಾನೇ ಬೆಳೆದು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹದ ಮಾಡೋದು) ಮಾಡಿ ಮಾರಿದರೆ ನೂರಕ್ಕೆ 25 ಭಾಗ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40 ಭಾಗ. 7ಬಿ ನಿಯಮ ಅಂತ ಎಲ್ಲರ ಬಾಯಲ್ಲಿ ಇರೋದು ಇದೇ. ಈಗ ಮನೆಯಲ್ಲೇ ಹುರಿದು ಪ್ಯಾಕೆಟ್ ಮಾಡುವ ಸಣ್ಣ ಬೆಳೆಗಾರರು ಹೆಚ್ಚುತ್ತಿದ್ದಾರೆ, ಅವರಲ್ಲಿ ಬಹಳ ಜನ 40ರ ಜಾಗದಲ್ಲಿ ಸೊನ್ನೆ ತೋರಿಸಿ ಕೂತಿರುತ್ತಾರೆ. ಅವರಿಗೆ ಬೇಕಾಗಿರೋದು ನಿಮ್ಮಂಥವರೇ.

ಮಾರ್ಚ್ ತಿಂಗಳು ಮಾತ್ರ ನಿಜಕ್ಕೂ ತೊಡಕು, ಅದನ್ನು ಒಪ್ಪಿಕೊಳ್ಳಬೇಕು.

ಎರಿಮನೆ

ರೋಜುಪುಸ್ತಕ ಅವರು ಹೇಳಿದ್ದರಲ್ಲಿ ಕೊನೆಯ ಸಾಲೊಂದನ್ನು ತಿದ್ದಬೇಕು. ಜೇನಿನ ಕಡೆಯಿಂದ ನೋಡಿದರೆ ತೊಡಕು ಮಾರ್ಚ್ ಅಲ್ಲ, ಡಿಸೆಂಬರ್ ಮತ್ತು ಜನವರಿ.

ತುಪ್ಪ ಕಾಯುತ್ತೆ. ಪೆಟ್ಟಿಗೆಯ ಮೇಲಿನ ಕೋಣೆಯಲ್ಲಿ (ತುಪ್ಪ ತುಂಬಲೆಂದು ಏರಿಸುವ ಭಾಗ) ಮೇಣದ ಮುಚ್ಚಳ ಬಿದ್ದ ತುಪ್ಪ ಹತ್ತು ದಿನ ಹೆಚ್ಚು ಕೂತರೂ ಏನೂ ಆಗಲ್ಲ, ಇನ್ನೂ ಗಟ್ಟಿಯಾಗುತ್ತೆ. ಮಾರ್ಚ್ 31ರ ಸ್ಟಾಕ್ ಎಣಿಕೆ ಮುಗಿಸಿ ಏಪ್ರಿಲ್ ಮೊದಲ ಭಾನುವಾರ ತೆಗೆಯಬಹುದು. ಆದರೆ ರಾಣಿಕೋಶ (ಹೊಸ ರಾಣಿ ಬೆಳೆಯುವ ಕೋಶ) ಯಾರಿಗೂ ಕಾಯಲ್ಲ. ತುಡುವೆಯ ರಾಣಿ ಮೊಟ್ಟೆಯಿಂದ ಹೊರಬರಲು 15–16 ದಿನ. ಮೊಟ್ಟೆ ಮೂರು ದಿನ, ಮರಿ ಸುಮಾರು ಐದು ದಿನ, ಆಮೇಲೆ ಕೋಶ ಮುಚ್ಚುತ್ತೆ. ಮೊದಲ ಕೋಶ ಮುಚ್ಚಿದ ಹೊತ್ತಿಗೇ ಹಳೇ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಡುತ್ತೆ. ಅಂದರೆ ನಿಮ್ಮ ಕೈಯಲ್ಲಿರೋದು ಎಂಟು ದಿನ. ಏಳು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಲೇಬೇಕು ಅನ್ನೋದು ಇದೇ ಲೆಕ್ಕಕ್ಕೆ. ಹದಿನೈದು ದಿನಕ್ಕೊಮ್ಮೆ ನೋಡುವವರ ಜೇನು ಪಕ್ಕದ ತೋಟದ ಮರದ ಪೊಟರೆಯಲ್ಲಿ ಇರುತ್ತೆ.

ವರ್ಷ ಹೀಗೆ ನಡೆಯುತ್ತೆ. ಕಾವೇರಿ ಸಂಕ್ರಮಣದ (ಅಕ್ಟೋಬರ್ ನಡುವೆ) ಹೊತ್ತಿಗೆ ಮಳೆ ಹಿಂದೆ ಸರಿದು ಪರಾಗ ಒಳಬರಲು ಶುರು. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ, ನವೆಂಬರ್-ಡಿಸೆಂಬರ್) ಆಸುಪಾಸು ಗಂಡು ಜೇನಿನ ಕೋಶ ಕಾಣುತ್ತೆ. ಪಾಲಾಗುವ (ಒಂದು ಗುಂಪು ಎರಡಾಗುವ) ಕಾಲ ಬಂತು ಅನ್ನೋದಕ್ಕೆ ಅದೇ ಸೂಚನೆ. ಎರಿಯ (ಮೇಣದ ಹಲ್ಲೆ) ಕೆಳಗಿನ ಅಂಚಲ್ಲಿ, ಕೆಲಸಗಾರ ಕೋಶಕ್ಕಿಂತ ದೊಡ್ಡದಾಗಿ, ಮುಚ್ಚಳ ಉಬ್ಬಿಕೊಂಡು ಇರುತ್ತೆ. ಮುಚ್ಚಳದ ಮೇಣವನ್ನು ಜೇನುಗಳು ಕೆರೆದು ತೆಗೆದ ಮೇಲೆ ಒಳಗಿನ ಗಟ್ಟಿ ಟೋಪಿಯ ನಡುಮಧ್ಯದಲ್ಲಿ ಸೂಜಿಮೊನೆಯಷ್ಟು ರಂಧ್ರ ಕಾಣುತ್ತೆ. ತುಡುವೆಯ ಗಂಡು ಕೋಶವನ್ನು ಗುರುತಿಸೋಕೆ ಇದಕ್ಕಿಂತ ಖಚಿತವಾದದ್ದು ಬೇರೆ ಬೇಡ. ಗಂಡು ಜೇನು ಹುಟ್ಟುವ ಮುಂಚೆ ಪಾಲು ಮಾಡಿದರೆ ಹೊಸ ರಾಣಿಗೆ ಕೂಡಲು ಗಂಡೇ ಇರಲ್ಲ, ಆ ಪಾಲು ದಂಡ.

ಪಾಲು ಮಾಡುವ ಕ್ರಮ: ಎಂಟು ಚೌಕಟ್ಟಿನ ಪೆಟ್ಟಿಗೆಯಲ್ಲಿ ಕನಿಷ್ಠ ಆರು ಎರಿ ತುಂಬ ಜೇನು ಇರಬೇಕು. ಬಿಸಿಲಿರುವ ದಿನ, ಬೆಳಿಗ್ಗೆ 10ರ ನಂತರ. ಮೊದಲು ರಾಣಿ ಯಾವ ಎರಿಯಲ್ಲಿದೆ ಅಂತ ಹುಡುಕಿ. ರಾಣಿ ಇರುವ ಎರಿ, ಜೊತೆಗೆ ಮುಚ್ಚಿದ ಮರಿಯ ಒಂದು, ತುಪ್ಪ-ಪರಾಗದ ಒಂದು, ಒಟ್ಟು ಮೂರು ಎರಿ ಹೊಸ ಪೆಟ್ಟಿಗೆಗೆ ಹಾಕಿ. ಒಳ್ಳೆಯ ರಾಣಿಕೋಶ ಇರುವ ಎರಿ ಹಳೇ ಜಾಗದಲ್ಲೇ ಉಳಿಯಲಿ. ಉದ್ದನೆಯ, ನೆಟ್ಟಗಿನ ಎರಡು ಕೋಶ ಬಿಟ್ಟು ಉಳಿದದ್ದು ಚಿವುಟಿ. ಹೊರಗೆ ಹೋದ ಕೆಲಸಗಾರ ಜೇನೆಲ್ಲ ಹಳೇ ಜಾಗಕ್ಕೇ ಮರಳುತ್ತೆ, ಅದಕ್ಕಾಗಿ ಹೊಸ ಪೆಟ್ಟಿಗೆಗೆ ಇನ್ನೊಂದು ಎರಿಯ ಎಳೇ ಜೇನನ್ನು ಕೊಡವಿ ಹಾಕಿ, ನಾಲ್ಕು ದಿನ ಸಂಜೆ ಸಕ್ಕರೆ ಪಾಕ ಕೊಡಿ. ಹಳೇ ಪೆಟ್ಟಿಗೆಯಲ್ಲಿ ರಾಣಿ ಹೊರಬರುವ ಮುಂಚೆ ಕೋಶದ ತುದಿಯ ಮೇಣ ಸವೆದು ಒಳಗಿನ ಕಂದು ನಾರು ಕಾಣುತ್ತೆ. ಆ ದಿನದಿಂದ ಎರಡು ವಾರ ಪೆಟ್ಟಿಗೆ ಮುಟ್ಟಬೇಡಿ. ರಾಣಿ ಕೂಡಲು ಹಾರಿ ಹೋಗುವ ದಿನಗಳಲ್ಲಿ ಪೆಟ್ಟಿಗೆ ಸರಿಸಿದರೆ, ಮುಚ್ಚಳದ ಬಣ್ಣ ಬದಲಿಸಿದರೆ, ವಾಪಸು ದಾರಿ ತಪ್ಪುತ್ತೆ. ಎರಡು ವಾರದ ಮೇಲೆ ನೋಡಿದಾಗ ಕೋಶಕ್ಕೆ ಒಂದೇ ಮೊಟ್ಟೆ, ತಳದ ಮಧ್ಯದಲ್ಲಿ ನಿಂತಿದ್ದರೆ ಗೆದ್ದಿರಿ. ಒಂದೇ ಕೋಶದಲ್ಲಿ ಮೂರ್ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿದ್ದರೆ ರಾಣಿ ಇಲ್ಲ, ಕೆಲಸಗಾರರೇ ಇಡುತ್ತಿವೆ. ಆ ಗುಂಪನ್ನು ಬೇರೆ ಬಲವಾದ ಪೆಟ್ಟಿಗೆಗೆ ಸೇರಿಸಿಬಿಡಿ, ಉಳಿಸಲು ಹೋಗಿ ತಿಂಗಳು ಕಳೆಯಬೇಡಿ.

ಈಗ ಐವತ್ತರ ಮಾತು. ಪಾಲು ಮಾಡಿದ ಪೆಟ್ಟಿಗೆ ಆ ವರ್ಷ ತುಪ್ಪ ಕೊಡೋದು ಕಡಿಮೆ. ಎರಡೂ ಬೇಕು ಅಂದರೆ ಎರಡೂ ಹೋಗುತ್ತೆ. ಮಳೆಗಾಲದಲ್ಲಿ ನಾಲ್ಕಕ್ಕೆ ಒಂದು ಹೋಗುತ್ತೆ ಅಂತಲೇ ಲೆಕ್ಕ ಹಾಕಿ. ನಾಲ್ಕು ಎಂಟಾಗಿ ಮಳೆ ಕಳೆದು ಆರು ಉಳಿಯುತ್ತೆ, ಆರು ಹನ್ನೆರಡಾಗಿ ಒಂಬತ್ತು, ಒಂಬತ್ತು ಹದಿನೆಂಟಾಗಿ ಹದಿಮೂರು. ಕೊಂಡು ಸೇರಿಸದೆ ಐವತ್ತು ಅಂದರೆ ಏಳೆಂಟು ವರ್ಷ. ಕೊಳ್ಳುವುದಾದರೆ ಪೆಟ್ಟಿಗೆ, ಸ್ಟ್ಯಾಂಡ್, ಸಂಸಾರ (ಜೇನಿನ ಗುಂಪು) ಸೇರಿ 5,000 ರೂಪಾಯಿಯ ಸುತ್ತ ಇಟ್ಟುಕೊಂಡು ಯೋಚಿಸಿ. ತೋಟಗಾರಿಕೆ ಇಲಾಖೆಯ ಸಹಾಯಧನಕ್ಕೆ ಆರ್ಥಿಕ ವರ್ಷದ ಶುರುವಲ್ಲೇ ಅರ್ಜಿ ಹಾಕಿ, ಜೇನು ಸಾಕುವವರಿಗಾಗಿ ಕೇಂದ್ರದ ಮಧುಕ್ರಾಂತಿ ಪೋರ್ಟಲಲ್ಲಿ ನೋಂದಣಿ ಮಾಡಿಸಿಕೊಂಡಿರಿ. ವಿಚಾರಿಸಲು ನಿಮಗೆ ಭಾಗಮಂಡಲ ಪಕ್ಕದಲ್ಲೇ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ದೂರದ ಬಯಲುಸೀಮೆಯ ಸಂಸಾರ ತಂದು ನಿಮ್ಮ ಮಳೆಗೆ ಹಾಕಬೇಡಿ, ನಿಮ್ಮ ಕಡೆಯದೇ ತುಡುವೆ ಸಾಕಿ.

ಎರಡೂವರೆ ಎಕರೆಯಲ್ಲಿ ಐವತ್ತು ಪೆಟ್ಟಿಗೆ ಇಡೋದು ಮಾತ್ರ ತಪ್ಪು. ತುಡುವೆ ಹೆಚ್ಚಾಗಿ ಒಂದು ಕಿಲೋಮೀಟರ್ ಒಳಗೇ ಮೇಯುತ್ತೆ. ಒಂದು ಜಾಗಕ್ಕೆ 12, ಹೆಚ್ಚೆಂದರೆ 15. ಅಂದರೆ ಐವತ್ತಕ್ಕೆ ನಾಲ್ಕು ಜಾಗ, ಒಂದಕ್ಕೊಂದು ಎರಡು ಕಿ.ಮೀ. ದೂರ. ರೊಬಸ್ಟಾ ತೋಟದವರನ್ನು ಕೇಳಿ, ಬೇಡ ಅನ್ನಲ್ಲ. ಅರೇಬಿಕಾ ತನ್ನಷ್ಟಕ್ಕೆ ಕಾಯಿ ಕಟ್ಟುತ್ತೆ, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಸ್ಪ್ರಿಂಕ್ಲರ್ ಹಾಕಿದ ದಿನ ಕೇಳಿಟ್ಟುಕೊಳ್ಳಿ, ಅಲ್ಲಿಂದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಎರಡು ಮೂರು ದಿನದಲ್ಲಿ ಹೂವು ಕಂದುತ್ತೆ. ಮೇಲಿನ ಕೋಣೆ ಅದಕ್ಕೆ ವಾರ ಮೊದಲೇ ಏರಿರಬೇಕು. ಔಷಧಿ ಹೊಡೆಯುವ ದಿನವನ್ನೂ ಹಾಗೇ ಕೇಳಿಟ್ಟುಕೊಳ್ಳಿ.

ಸಮಯ: ಪೆಟ್ಟಿಗೆಗೆ ಹತ್ತು ನಿಮಿಷ. ಇಪ್ಪತ್ತು ಪೆಟ್ಟಿಗೆಗೆ ಮೂರೂವರೆ ಗಂಟೆ, ಭಾನುವಾರ ಬೆಳಿಗ್ಗೆ ಮುಗಿಯುತ್ತೆ. ಐವತ್ತಕ್ಕೆ ಎಂಟೂವರೆ ಗಂಟೆ, ಅದರ ಮೇಲೆ ನಾಲ್ಕು ಜಾಗದ ಓಡಾಟ. ಭಾನುವಾರವೊಂದೇ ಸಾಲಲ್ಲ. ಅದಕ್ಕೆ ನನ್ನ ಮಾತು ಇಷ್ಟು: ಇಡೀ ದಿನದ ನೌಕರಿ ಇರುವಷ್ಟು ದಿನ ಇಪ್ಪತ್ತು ದಾಟಬೇಡಿ. ಸ್ವಂತ ಪ್ರಾಕ್ಟೀಸ್ ನಿಂತು, ವಾರದ ನಡುವೆ ಒಂದು ದಿನ ನಿಮ್ಮದಾದ ಮೇಲೆ ಐವತ್ತು.

ತುಪ್ಪದ ಅಂದಾಜು ಒಳ್ಳೇ ವರ್ಷ ಪೆಟ್ಟಿಗೆಗೆ 8–10 ಕೆ.ಜಿ., ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಪ್ಪಿ ಬಂದ ವರ್ಷ 2–3. ಯೋಜನೆಗೆ 5 ಇಟ್ಟುಕೊಳ್ಳಿ. ಇಪ್ಪತ್ತು ಪೆಟ್ಟಿಗೆಯಿಂದ 100 ಕೆ.ಜಿ., 600ರಂತೆ 60,000. ಬಾಟಲಿ, ಸಕ್ಕರೆ, ಹೋದ ಸಂಸಾರಗಳ ಬದಲಿ ಕಳೆದರೆ 40,000 ಕೈಗೆ. ಆ ಹಣ ನಂಬಿ ನೌಕರಿ ಬಿಡಬಾರದು, ಆ ಹಣಕ್ಕಾಗಿ ಜೇನನ್ನೂ ಬಿಡಬಾರದು.

ಪೂರ್ವದ_ಗಡಿ

ಕುಶಾಲನಗರ ಕಡೆಯಿಂದ ಒಂದು ಸೇರಿಸ್ತೇನೆ. ಚೇರಂಬಾಣೆ, ಭಾಗಮಂಡಲ ಕಡೆಯ ಮಳೆಯೇ ಬೇರೆ, ಇಲ್ಲಿಯದೇ ಬೇರೆ. ಜೂನ್ ಮೊದಲ ವಾರ ಅರ್ಧ ಪೆಟ್ಟಿಗೆಗಳನ್ನು ಪೂರ್ವಕ್ಕೆ, ನಮ್ಮ ಕಡೆಗೆ ಸಾಗಿಸಿ ಇಡುವ ದಾರಿ ಇದೆ. ಜೋಳ ಹೂವಿಗೆ ಬಂದಾಗ ಪರಾಗ ಸಿಗುತ್ತೆ, ಮಳೆ ಬಿಡುವು ಕೊಡುತ್ತೆ, ಜೇನು ಹೊರಗೆ ಹೋಗಿ ಬರುತ್ತೆ. ಸಾಗಿಸೋದು ಕತ್ತಲಾದ ಮೇಲೆ, ಬಾಗಿಲು ತಂತಿಜಾಲರಿಯಿಂದ ಮುಚ್ಚಿ, ಚೌಕಟ್ಟು ಅಲುಗದಂತೆ ಪಟ್ಟಿ ಬಡಿದು, ಎರಿಗಳು ವಾಹನ ಓಡುವ ದಿಕ್ಕಿಗೆ ಉದ್ದಕ್ಕೆ ಇರುವಂತೆ ಇಡಿ. ಅಡ್ಡ ಇಟ್ಟರೆ ತಿರುವಿನಲ್ಲಿ, ಬ್ರೇಕಿನಲ್ಲಿ ಎರಿ ಮುರಿದು ರಾಣಿ ಸಾಯುತ್ತೆ. ತುಪ್ಪ ತುಂಬಿದ ಎರಿ ಇದ್ದರೆ ಮೊದಲೇ ತೆಗೆದುಬಿಡಿ. ಪಿರಿಯಾಪಟ್ಟಣ ದಿಕ್ಕಿನ ಹೊಗೆಸೊಪ್ಪಿನ ಹೊಲದ ಪಕ್ಕ ಮಾತ್ರ ಇಡಬೇಡಿ, ಔಷಧಿ ಹೊಡೆತಕ್ಕೆ ಜೇನು ಉಳಿಯಲ್ಲ.

ಆನೆ ದಾರಿಯಲ್ಲಿ ಪೆಟ್ಟಿಗೆ ಇಟ್ಟರೆ ಆನೆ ಬರಲ್ಲ ಅನ್ನುವವರು ಸಿಗ್ತಾರೆ. 2021ರ ಮಾರ್ಚಲ್ಲಿ ಖಾದಿ ಆಯೋಗ ಕೊಡಗಿನಲ್ಲೇ ಅಂಥ ಪ್ರಯೋಗ ಶುರು ಮಾಡಿತ್ತು. ಆದರೆ ಅದು ಸಾಲು ಸಾಲು ಪೆಟ್ಟಿಗೆಯನ್ನು ತಂತಿಗೆ ಕಟ್ಟಿ ಮಾಡುವ ಬೇಲಿ. ಬಿಡಿ ಪೆಟ್ಟಿಗೆಯನ್ನು ಆನೆ ಒಂದು ಒದೆತಕ್ಕೆ ಉರುಳಿಸುತ್ತೆ. ತುಪ್ಪಕ್ಕೆ ಇಡುವ ಪೆಟ್ಟಿಗೆ ಆನೆ ದಾರಿಯಿಂದ ದೂರವೇ ಇರಲಿ.

ಚೇರಂಬಾಣೆ_ತೋಟ

ಮೂವರಿಗೂ ತುಂಬಾ ಧನ್ಯವಾದ. ಸೆಪ್ಟೆಂಬರ್‌ಗೇ ಗ್ರೂಪ್ 2 ಅಂತ ನಿಶ್ಚಯ ಮಾಡಿದ್ದೇನೆ. ಉಳಿದದ್ದು ಮೂರು ಪ್ರಶ್ನೆ. ಓದುವ ಮೂರು ತಿಂಗಳು ಪೆಟ್ಟಿಗೆಗೆ ಕನಿಷ್ಠ ಎಷ್ಟು ಮಾಡಿದರೆ ಸಾಕು? ಬಾಟಲಿ ಮಾರಲು ಯಾವ ಕಾಗದ ಬೇಕು? ಜನವರಿ 13ರಿಂದ 22ರವರೆಗೆ ರಿಟರ್ನ್ ಕೆಲಸದಲ್ಲಿ ಒಂದು ಭಾನುವಾರ ಪೆಟ್ಟಿಗೆ ನೋಡಲು ಆಗದೇ ಹೋದರೆ ಏನು ಗತಿ?

ರೋಜುಪುಸ್ತಕ

ಕಾಗದದ ವಿಷಯ. ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ಮೂಲ ನೋಂದಣಿ ಮೊದಲು. ಅದರ ಸಂಖ್ಯೆ ಇಲ್ಲದೆ ಲೇಬಲ್ ಅಚ್ಚು ಹಾಕಿಸಬೇಡಿ, ಮತ್ತೆ ಹಾಕಿಸಬೇಕಾಗುತ್ತೆ. ಲೇಬಲ್ ಮೇಲೆ ಆ ಸಂಖ್ಯೆ, ನಿವ್ವಳ ತೂಕ, ಬ್ಯಾಚ್, ತುಂಬಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಗರಿಷ್ಠ ಬೆಲೆ, ತಯಾರಕರ ಪೂರ್ತಿ ವಿಳಾಸ. ತುಪ್ಪವನ್ನು ತೂಕದಲ್ಲಿ ಮಾರಿ, ಮಿಲಿಲೀಟರಲ್ಲಿ ಅಲ್ಲ. ಒಂದು ಲೀಟರ್ ತುಪ್ಪ 1.35 ಕೆ.ಜಿ.ಗೂ ಹೆಚ್ಚು ತೂಗುತ್ತೆ, ಮಿಲಿಲೀಟರಲ್ಲಿ ಮಾರಿದರೆ ನಷ್ಟ ನಿಮಗೆ.

ಜಿಎಸ್‌ಟಿಯಲ್ಲಿ ಬಿಡಿ ತುಪ್ಪಕ್ಕೆ ತೆರಿಗೆ ಇಲ್ಲ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ್ದಕ್ಕೆ ಶೇ. 5. ನೋಂದಣಿಯ ಮಿತಿಯಲ್ಲಿ ಬಹಳ ಜನ ಎಡವುತ್ತಾರೆ: 40 ಲಕ್ಷ ಅನ್ನೋದು ಬರೀ ಸರಕು ಮಾರುವವರಿಗೆ. ನೀವು ರಿಟರ್ನ್ ಸಲ್ಲಿಸಿ ಶುಲ್ಕ ಪಡೆಯುತ್ತೀರಿ, ಅದು ಸೇವೆ. ಹಾಗಾಗಿ ನಿಮಗೆ ತುಪ್ಪ, ಶುಲ್ಕ ಎಲ್ಲ ಒಟ್ಟು ಸೇರಿ 20 ಲಕ್ಷ. ಇನ್ನೊಂದು, ಜೇನಿನ ಆದಾಯವನ್ನು ತೋಟದ ಕೃಷಿ ಆದಾಯದ ಜೊತೆ ಬೆರೆಸಿ ತೋರಿಸಬೇಡಿ. ಅದು ವ್ಯಾಪಾರದ ಆದಾಯ. ಮೊದಲ ಬಾಟಲಿಯಿಂದಲೇ ಬೇರೆ ಬ್ಯಾಂಕ್ ಖಾತೆ, ಬೇರೆ ಪುಸ್ತಕ. ಪೆಟ್ಟಿಗೆ, ತುಪ್ಪ ತೆಗೆಯುವ ಯಂತ್ರ, ಸಕ್ಕರೆ, ಸಾಗಣೆಯ ಬಿಲ್ಲು ಎಲ್ಲ ಅದರಲ್ಲೇ ಇರಲಿ.

ಎರಿಮನೆ

ಓದುವ ಮೂರು ತಿಂಗಳಿಗೆ: ಮೇ ಕೊನೆಯ ವಾರವೇ ಮೇಲಿನ ಕೋಣೆ ಇಳಿಸಿ. ಕೆಳಗಿನ ಸಂಸಾರ ಕೋಣೆಯಲ್ಲಿ (ಮರಿ ಬೆಳೆಯುವ ಭಾಗ) ಜೇನು ಮುಚ್ಚಿ ಕೂತಿರುವಷ್ಟೇ ಎರಿ ಬಿಟ್ಟು, ಖಾಲಿ ಎರಿ ಎಲ್ಲ ತೆಗೆದು ಮೇಣ ಮಾಡಿ. ಮೇಣದ ಪತಂಗ ಬರೋದೇ ಜೇನು ಇಲ್ಲದ ಎರಿಗೆ. ಅದರ ಹುಳು ಎರಿಯೊಳಗೆ ಸುರಂಗ ಕೊರೆದು ಬಿಳೀ ಬಲೆ ನೇಯುತ್ತೆ. ಬಲೆ ಕಂಡ ಎರಿಯನ್ನು ಅಲ್ಲೇ ಕಿತ್ತು ಸುಡಿ.

ಆಮೇಲೆ ವಾರಕ್ಕೊಮ್ಮೆ, ಸಂಜೆ, ಪೆಟ್ಟಿಗೆಗೆ ಐದು ನಿಮಿಷ. ಸಕ್ಕರೆ ಒಂದು ಪಾಲು, ನೀರು ಒಂದು ಪಾಲು, ಕುದಿಸಿ ಆರಿಸಿದ್ದು 200–250 ಮಿ.ಲೀ. ಒಳಗಿಡಿ. ಒಂದು ಕೆ.ಜಿ. ಸಕ್ಕರೆಗೆ ಸುಮಾರು 1.6 ಲೀಟರ್ ಪಾಕ ಬರುತ್ತೆ. ಜೂನಿಂದ ಸೆಪ್ಟೆಂಬರ್ ಅಂತ್ಯದವರೆಗೆ ಪೆಟ್ಟಿಗೆಗೆ 2ರಿಂದ 2.5 ಕೆ.ಜಿ. ಸಕ್ಕರೆ ಸಾಕು. ತೇಲಲು ಒಣ ಕಡ್ಡಿ ಹಾಕಿ, ಇಲ್ಲದಿದ್ದರೆ ಜೇನು ಮುಳುಗಿ ಸಾಯುತ್ತೆ. ಒಂದು ಹನಿಯೂ ಹೊರಗೆ ಚೆಲ್ಲಬೇಡಿ, ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ ಕೊಡಿ. ಇಲ್ಲದಿದ್ದರೆ ಬಲವಾದದ್ದು ಬಡಪೆಟ್ಟಿಗೆಯನ್ನು ದೋಚುತ್ತೆ. ಅಡಿಮಣೆ ಎಳೆದು ಕಸ ಕೆರೆದು ಒರೆಸಿ. ಸ್ಟ್ಯಾಂಡಿನ ಕಾಲಿಗಿಟ್ಟ ನೀರಿನ ಬಟ್ಟಲು ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡಗಿನ ತಿಂಗಳು) ಮಳೆಗೆ ತುಂಬಿ ಹರಿದು ಎಲೆ ಸೇತುವೆಯಾಗುತ್ತೆ, ಇರುವೆ ಅದರ ಮೇಲೆ ದಾಟುತ್ತೆ. ಮಳೆಗಾಲಕ್ಕೆ ಕಾಲಿಗೆ ಗ್ರೀಸ್ ಸವರೋದು ಒಳ್ಳೇದು. ಕೈಲು ಮುಹೂರ್ತ (ಸೆಪ್ಟೆಂಬರ್ ಮೊದಲ ವಾರದ ಕೊಡಗಿನ ಹಬ್ಬ) ಕಳೆದ ಮೇಲೆ ಕಣಜ ಬಾಗಿಲಲ್ಲಿ ಕಾಯುತ್ತೆ. ಬಾಗಿಲನ್ನು ಒಂದೆರಡು ಜೇನು ಹೋಗುವಷ್ಟಕ್ಕೆ ಕಿರಿದು ಮಾಡಿ.

ಒಂದು ಕಾಯಿಲೆ ಮಾತ್ರ ಓದು ಬಿಟ್ಟಾದರೂ ಗಮನಿಸಬೇಕು. ಮರಿ ಕೋಶದಲ್ಲಿ ತಲೆ ಮೇಲೆತ್ತಿ ದೋಣಿಯಂತೆ ಬಾಗಿ ಸತ್ತಿದ್ದು, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ. 1991–92ರಲ್ಲಿ ದಕ್ಷಿಣ ಭಾರತದ ತುಡುವೆಯನ್ನು ಗುಡಿಸಿ ಹಾಕಿದ್ದು ಇದೇ. ಔಷಧಿ ಇಲ್ಲ. ರಾಣಿಯನ್ನು ಎರಡು ವಾರ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ಜೇನು ಕೋಶ ತೊಳೆದು ಸ್ವಚ್ಛ ಮಾಡಲು ಸಮಯ ಕೊಡಬೇಕು. ಆ ಪೆಟ್ಟಿಗೆಯ ಎರಿ, ಉಪಕರಣ ಬೇರೆಯದಕ್ಕೆ ಬಳಸಬಾರದು. ಮುಂದೆ ಪಾಲು ಮಾಡುವಾಗ ಕಾಯಿಲೆ ತಡೆದು ನಿಂತ ಪೆಟ್ಟಿಗೆಯಿಂದಲೇ ರಾಣಿಕೋಶ ಆರಿಸಿ.

ಸಕ್ಕರೆ ಪಾಕ ನಿಲ್ಲಿಸಿದ ಮೇಲೆಯೇ ಮೇಲಿನ ಕೋಣೆ ಏರಿಸಬೇಕು. ಪಾಕ ಬೆರೆತ ತುಪ್ಪ ಪ್ರಯೋಗಾಲಯದಲ್ಲಿ ಕಬ್ಬಿನ ಸಕ್ಕರೆ ಅಂತ ಸಿಕ್ಕಿಬೀಳುತ್ತೆ, ನಿಮ್ಮ ಹೆಸರಿನ ಬಾಟಲಿಗೆ ಅದು ಬೇಡ. ತೆಗೆಯುವಾಗ ಮುಕ್ಕಾಲು ಪಾಲು ಮುಚ್ಚಳ ಬಿದ್ದ ಎರಿಯನ್ನಷ್ಟೇ ತೆಗೆಯಿರಿ. ತೇವಾಂಶದ ಮಿತಿ ಶೇ. 20, ತುಡುವೆ ತುಪ್ಪ ಸುಲಭವಾಗಿ ಅದನ್ನು ದಾಟಿ ಹುಳಿ ಬಂದು ಮುಚ್ಚಳ ಉಬ್ಬುತ್ತೆ. ತೇವಾಂಶ ಅಳೆಯುವ ರಿಫ್ರಾಕ್ಟೋಮೀಟರ್ ಒಂದು ಕೊಂಡುಬಿಡಿ.

ಜನವರಿಯ ಆ ಭಾನುವಾರಕ್ಕೆ: 12ನೇ ತಾರೀಕಿನೊಳಗೆ ಒಮ್ಮೆ ಎಲ್ಲ ಪೆಟ್ಟಿಗೆ ನೋಡಿ, ಪಾಲು ಮಾಡದ ಪೆಟ್ಟಿಗೆಗಳ ರಾಣಿಕೋಶ ಚಿವುಟಿ. ಎರಿಯ ಮೇಲಿನ ಜೇನನ್ನು ಕೊಡವಿ ನೋಡಿ, ಮೂಲೆಯಲ್ಲಿ ಒಂದು ಉಳಿದರೂ ಶ್ರಮ ವ್ಯರ್ಥ. ಆಮೇಲೆ 18ರ ಬೆಳಿಗ್ಗೆ ಬಾಗಿಲಿಗೆ ರಾಣಿ ತಡೆಯುವ ಗೇಟು ಹಾಕಿ. ಕೆಲಸಗಾರರು ನುಸುಳುತ್ತವೆ, ರಾಣಿ ನುಸುಳಲ್ಲ. ಇದು ನಾಲ್ಕೈದು ದಿನದ ಉಪಾಯ ಅಷ್ಟೇ. ಗಂಡು ಜೇನೂ ಹೊರಗೆ ಹೋಗಲಾರದೆ ಗೇಟಿಗೆ ಸಿಕ್ಕಿ ಸತ್ತು ಬಾಗಿಲು ಕಟ್ಟುತ್ತವೆ, ಸಂಜೆ ಮನೆಗೆ ಬಂದಾಗ ಟಾರ್ಚ್ ಹಾಕಿ ಅವನ್ನು ಕಡ್ಡಿಯಿಂದ ತೆಗೆಯಿರಿ. ಹೊಸ ರಾಣಿ ಹುಟ್ಟಲಿರುವ ಪೆಟ್ಟಿಗೆಗೆ ಮಾತ್ರ ಗೇಟು ಹಾಕಲೇಬಾರದು, ಅದು ಕೂಡಲು ಹೊರಗೆ ಹೋಗಬೇಕು. ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಕಲ್ಲಿಟ್ಟು ಗುರುತು ಮಾಡಿಕೊಳ್ಳಿ. 22ರ ಕೊನೆಯ 3ಬಿ ಸಲ್ಲಿಸಿದ ಮರುದಿನ ಬೆಳಿಗ್ಗೆ, ಬಿಸಿಲು ಬಾಗಿಲಿಗೆ ತಾಗುವ ಮೊದಲು ಗೇಟು ತೆಗೆಯಿರಿ.